ವನ್ ಪಂಚ್ ಮ್ಯಾನ್ ಎರಡನೇ ಸೀಸನ್ ಸ್ಕಿಪ್ ಮಾಡಿ ಸೀದಾ ಮೂರನೇದಕ್ಕೆ ಹೋದ್ರೆ ನಡೆಯುತ್ತಾ?

ಎಲ್ರನ್ನೂ ಒಂದೇ ಏಟಿಗೆ ಮುಗಿಸೋ ಸೈತಾಮಾ ಅನ್ನೋ ಹೀರೋನ ಜಪಾನೀ ಕಾರ್ಟೂನ್ ಸೀರೀಸ್ (ಅನಿಮೆ) ಇದು; ಎರಡನೇ ಸೀಸನ್ ಚೆನ್ನಾಗಿಲ್ವಂತೆ, ಬಿಟ್ಬಿಡ್ಲಾ, ಇಲ್ಲಾ ಅದರ ಮಾಂಗಾ (ಜಪಾನೀ ಕಾಮಿಕ್ಸ್) ಓದ್ಲಾ ಅಂತ ಕೇಳಿದೀರಿ. ಅಯ್ಯೋ ಮಾರಾಯ್ರೆ, ಇದು 2019ರಲ್ಲಿ ನಾನೇ ಕೇಳಿದಂಗಿದೆ. "ಫೈಟ್ ಎಲ್ಲಾ ಹಾಳು ಮಾಡಿದಾರಂತೆ" ಅಂತ ಬರ್ದಿದೀರಲ್ಲ, ಆ "ಅಂತೆ" ಇದ್ಯಲ್ಲ, ನನ್ನ ಕೆಡಿಸಿದ್ದೂ ಅದೇ.

ಆಗ ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಹಾಸ್ಟೆಲ್ ರೂಮಲ್ಲಿ ಒಂದು ಲ್ಯಾಪ್‌ಟಾಪು, ಸುತ್ತ ಆರು ಜನ. ಎಲ್ರಿಗೂ ಮೊದಲನೇ ಸೀಸನ್ ಹುಚ್ಚು ಹಿಡಿಸಿದ್ದು ನಾನೇ, ಹಂಗಾಗಿ ಅನಿಮೆ ವಿಷಯಕ್ಕೆ ರೂಮಲ್ಲಿ ನಾನೇ ಪಂಡಿತ. ಎರಡನೇ ಸೀಸನ್ನ, ಮೊದಲನೇದು ಮಾಡಿದ ಮ್ಯಾಡ್‌ಹೌಸ್ ಸ್ಟುಡಿಯೋ ಬಿಟ್ಟು ಜೆ.ಸಿ.ಸ್ಟಾಫ್ ಅನ್ನೋ ಸ್ಟುಡಿಯೋಗೆ ಕೊಟ್ರು, ಶಿಂಗೋ ನಾತ್ಸುಮೆ ಜಾಗಕ್ಕೆ ಚಿಕಾರಾ ಸಕುರಾಯಿ ಡೈರೆಕ್ಟರ್ ಆಗಿ ಬಂದ್ರು ಅಂತ 2017ರಲ್ಲೇ ಸುದ್ದಿ ಬಂದಿತ್ತು, ಆವತ್ತಿಂದ್ಲೇ ನಾನು ಕತ್ತಿ ಮಸೀತಾ ಕೂತಿದ್ದೆ, ಒಂದು ಎಪಿಸೋಡೂ ಬಂದಿರ್ಲಿಲ್ಲ ಇನ್ನೂ.

ಈಗ ನಾನು ಮಾಡಿದ ತಪ್ಪು ಕೇಳಿ, ಸ್ವಲ್ಪ ಉದ್ದ ಆಗುತ್ತೆ. ಎರಡನೇ ಸೀಸನ್ ಶುರುವಾಗೋ ಹಿಂದಿನ ರಾತ್ರಿ "ರೆಡಿ ಆಗೋಣ" ಅಂತ ಎಲ್ರನ್ನೂ ಕೂರಿಸಿ ಮೊದಲನೇ ಸೀಸನ್ನಿನ 12ನೇ ಎಪಿಸೋಡು, ಅದೇ ಬೋರೋಸ್ ಅನ್ನೋ ಅನ್ಯಗ್ರಹದ ವಿಲನ್ ಜೊತೆಗಿನ ಫೈಟು, ಮತ್ತೆ ಹಾಕ್ದೆ. ಅದು ಇಡೀ ಸೀಸನ್ನಿನ ಕೊನೇ ಪಟಾಕಿ. ನಾತ್ಸುಮೆ ತನಗೆ ಪರಿಚಯ ಇದ್ದ ಒಳ್ಳೊಳ್ಳೆ ಫ್ರೀಲಾನ್ಸ್ ಅನಿಮೇಟರ್‌ಗಳನ್ನ ಹುಡುಕಿ ಹುಡುಕಿ ಕರ್ಕೊಂಡು ಬಂದು ಮಾಡಿಸಿದ ಸೀಸನ್ ಅದು. ಮಾರನೇ ದಿನ ಏನು ಬಂತು? ಕಿಂಗ್ ಅನ್ನೋ ಹೀರೋನ ಕಥೆ. ಲೋಕಕ್ಕೆಲ್ಲಾ ಮಹಾಶೂರ, ಮನೇಲಿ ಗೇಮ್ ಆಡ್ಕೊಂಡು ಕೂರೋ ಪುಕ್ಕಲ, ಅವನ ಎದೆ ಢವಢವ ಅನ್ನೋದನ್ನೇ ಜನ ಯುದ್ಧದ ಸದ್ದು ಅನ್ಕೊಳ್ತಾರೆ. ಇವತ್ತು ನೋಡಿದ್ರೆ ಹೊಟ್ಟೆ ಹುಣ್ಣಾಗೋಷ್ಟು ನಗು ಬರುತ್ತೆ. ಆವತ್ತು ಒಬ್ರೂ ನಗ್ಲಿಲ್ಲ, ಎಲ್ರೂ ಬೋರೋಸ್‌ನ ಕಾಯ್ತಿದ್ರು. ರಾತ್ರಿ ಹೋಳಿಗೆ ಊಟ ಮಾಡಿ ಬೆಳಿಗ್ಗೆ ಉಪ್ಪಿಟ್ಟಿಗೆ ಬೈಯೋ ಮದುವೆ ಮನೆ ನೆಂಟರ ಥರ.

ಅಷ್ಟಕ್ಕೇ ನಿಲ್ಲಿಸಿದ್ರೆ ಆಗ್ತಿತ್ತು. ನಾನು ಸ್ಪೇಸ್ ಬಾರ್ ಮೇಲೆ ಬೆರಳಿಟ್ಕೊಂಡು ಕೂತೆ. ಸೈತಾಮಾನ ಶಿಷ್ಯ, ಯಂತ್ರದ ಮೈಯ ಜೆನೋಸ್ ಬಂದಾಗೆಲ್ಲಾ ಪಾಜ್ ಒತ್ತಿ ನಿಲ್ಲಿಸೋದು, "ನೋಡ್ರೋ ಮುಖ ಹೆಂಗಿದೆ, ಕೈ ಹೆಂಗೆ ಕರಗಿದೆ". ಆಮೇಲೆ ಗೊತ್ತಾಗಿದ್ದು, ನಾನು ತೋರಿಸ್ತಿದ್ದ ಅರ್ಧ ಚಿತ್ರಗಳು ತಪ್ಪೇ ಅಲ್ಲ. ವೇಗ ತೋರ್ಸೋಕೆ ಅನಿಮೇಟರ್‌ಗಳು ಬೇಕಂತ್ಲೇ ಒಂದೆರಡು ಫ್ರೇಮ್‌ನಲ್ಲಿ ಮುಖ ಕೈ ಎಳೆದು ಹಿಗ್ಗಿಸಿ ಬರೀತಾರೆ, ಓಡ್ತಾ ಇದ್ರೆ ಕಣ್ಣಿಗೆ ಸಿಗಲ್ಲ, ನಿಲ್ಲಿಸಿದ್ರೆ ದೆವ್ವದ ಥರ ಕಾಣುತ್ತೆ. ಮೊದಲನೇ ಸೀಸನ್ನಲ್ಲೂ ಅವು ಧಾರಾಳವಾಗಿವೆ, ಅಲ್ಲಿ ನಾನು ಒಂದ್ಸಲಾನೂ ಪಾಜ್ ಒತ್ತಿರ್ಲಿಲ್ಲ ಅಷ್ಟೇ.

ಮೂರನೇ ವಾರಕ್ಕೆ ನಾಲ್ಕು ಜನ ಬಿಟ್ರು, ನಾನೂ ಬಿಟ್ಟೆ. ಗದಗದ ಕಡೆಯ ಒಬ್ಬ ಮಾತ್ರ ಇಯರ್‌ಫೋನ್ ಹಾಕ್ಕೊಂಡು ಗೋಡೆ ಕಡೆ ತಿರುಗಿ ಪ್ರತಿ ವಾರ ನೋಡ್ತಿದ್ದ. ಕೆಣಕಿದ್ದಕ್ಕೆ ಹೇಳ್ದ, "ನೀ ಬರೇ ಗೆರಿ ನೋಡಿದಿ ಲೇ, ಗರೋನ್ನ ನೋಡ್ಲೇ ಇಲ್ಲ". ಗರೋ ಅಂದ್ರೆ ಆ ಸೀಸನ್ನಿನ ವಿಲನ್, ಹೀರೋಗಳನ್ನ ಹುಡುಕಿ ಹುಡುಕಿ ಹೊಡೆಯೋನು. ನಾವೆಲ್ಲಾ ನಕ್ವಿ.

2025ರ ಅಕ್ಟೋಬರ್‌ನಲ್ಲಿ ಮೂರನೇ ಸೀಸನ್ ಬಂತಲ್ಲ, ಆಗ ಕಥೆ ಅರ್ಥ ಆಗ್ಬೇಕಲ್ಲಾ ಅಂತ ಒಬ್ನೇ ಕೂತು ಎರಡು ರಾತ್ರೀಲಿ ಎರಡನೇದನ್ನ ಮುಗಿಸ್ದೆ. ಗರೋ ಚಿಕ್ಕವನಿದ್ದಾಗಿನ ದೃಶ್ಯ ಬರುತ್ತೆ, ಆಟದಲ್ಲಿ ಯಾವಾಗ್ಲೂ ಅವನೇ ರಾಕ್ಷಸ, ಎಲ್ರಿಗೂ ಬೇಕಾದ ಹುಡುಗನೇ ಹೀರೋ, ಹೊಡ್ಸಿಕೊಳ್ಳೋ ಪಾಳಿ ಇವನದ್ದೇ. ಅಲ್ಲಿ ನಾನು ನಿಲ್ಲಿಸ್ದೆ, ಈ ಸಲ ಚಿತ್ರ ನೋಡೋಕಲ್ಲ. ಫಸ್ಟ್ ಇಯರ್‌ನಲ್ಲಿ ಆ ಗದಗದವನ ಮಾತಿನ ಧಾಟಿ ಅಣಕಿಸಿ ನಗ್ತಿದ್ದ ಗುಂಪಲ್ಲಿ ನಾನೂ ಇದ್ದೆ. ಅವನ ಹಳೇ ನಂಬರ್‌ಗೆ ಮೆಸೇಜ್ ಹಾಕ್ದೆ, ಇವತ್ತಿಗೂ ಒಂದೇ ಟಿಕ್ಕು.

ಸರಿ, ನಿಮ್ಮ ಪ್ರಶ್ನೆ. ಸ್ಕಿಪ್ ಮಾಡ್ಬೇಕಾ ಅನ್ನೋದೇ ತಪ್ಪು ಪ್ರಶ್ನೆ ನನ್ನ ಪ್ರಕಾರ. ಎರಡನೇ ಸೀಸನ್ ನಿಲ್ಲೋದೇ ಗರೋ ಕಥೆಯ ಮಧ್ಯದಲ್ಲಿ, ಮೂರನೇದು ಅಲ್ಲಿಂದ್ಲೇ ಎತ್ಕೊಳ್ಳುತ್ತೆ, ಸೀದಾ ಹೋದ್ರೆ ನಿಮಗೆ ಅವನು ಬರೀ ಬೆಳ್ಳಿ ಕೂದಲಿನ ವಿಲನ್. ಮತ್ತೆ ಮೂರನೇದಕ್ಕೆ ಬಿದ್ದಿರೋ ಬೈಗುಳ ಓದಿದ್ರೆ ಎರಡನೇದೇ ಪುಣ್ಯ ಅನ್ಸುತ್ತೆ ನಿಮಗೆ.

ಹಂಗಂತ ಫೈಟ್ ಚೆನ್ನಾಗಿವೆ ಅಂತ ಸುಳ್ಳು ಹೇಳಲ್ಲ. ಜೆನೋಸ್ ಮೈಗೆ ಹಾಕಿರೋ ಲೋಹದ ಹೊಳಪು ಅಡುಗೆಮನೆ ಸ್ಟೀಲ್ ಡಬ್ಬಿ ಥರ ಇದೆ, ಅದನ್ನ ಇವತ್ತಿಗೂ ಕ್ಷಮಿಸಿಲ್ಲ. ಮಧ್ಯದಲ್ಲಿ ಬರೋ ಮಾರ್ಷಲ್ ಆರ್ಟ್ಸ್ ಟೂರ್ನಮೆಂಟ್ ಭಾಗ ಎಳೀತು. ಆದ್ರೆ ಅದೇ ಟೂರ್ನಮೆಂಟ್ ಕೊನೇಲಿ, ಜೀವನ ಇರೋದೇ ಮಜಾ ಮಾಡೋಕೆ ಅಂತಿದ್ದ ಸುಯಿರ್ಯು ಅನ್ನೋ ಫೈಟರ್ ನೆಲದ ಮೇಲೆ ಬಿದ್ದು ಯಾರಾದ್ರೂ ಕಾಪಾಡಿ ಅಂತ ಅಳ್ತಾನೆ ನೋಡಿ, ಅದಕ್ಕೆ ಅನಿಮೇಷನ್ ಬಜೆಟ್ ಬೇಕಿಲ್ಲ. ಎಲ್ಲಾನೂ ಒಂದೇ ಏಟಿಗೆ ಮುಗಿದ್ರೆ ಬೇಜಾರು ಅಂತ ಗೊಣಗೋ ಸೈತಾಮಾಗೆ ಆ ಪುಕ್ಕಲ ಕಿಂಗ್ ಬುದ್ಧಿ ಹೇಳ್ತಾನಲ್ಲ, ಇಡೀ ಸೀರೀಸ್‌ನಲ್ಲಿ ನನಗೆ ಅದೇ ಬೆಸ್ಟ್ ಸೀನು, ಯಾರು ಏನೇ ಅನ್ಲಿ.

ಮಾಂಗಾ ಓದ್ಲಾ ಅಂತಾನೂ ಕೇಳಿದೀರಿ. ಓದಿ, ಯೂಸುಕೆ ಮುರಾತಾ ಚಿತ್ರ ಬರೆದಿರೋ ಪುಟಗಳು ಬೇರೇನೇ ಲೆವೆಲ್ಲು, ಆದ್ರೆ ಸೀಸನ್ ನೋಡಿದ ಮೇಲೆ ಓದಿ, ಮೊದಲೇ ಓದಿದ್ರೆ ಪಕ್ಕದಲ್ಲಿಟ್ಟು ಹೋಲಿಸೋ ನನ್ನ ಕಾಯಿಲೆ ನಿಮಗೂ ಬರುತ್ತೆ. ಮೊದಲನೇ ಸೀಸನ್ ಮುಗಿಸಿ ಒಂದು ತಿಂಗಳು ಬಿಡಿ. ಕಂಪ್ಯಾರಿಸನ್ ವೀಡಿಯೋ ಒಂದೂ ಬೇಡ. ಒಬ್ರೇ ನೋಡಿ, ನನ್ನಂಥ ಪಂಡಿತರು ಪಕ್ಕದಲ್ಲಿದ್ರೆ ಅಂತೂ ಬೇಡ್ವೇ ಬೇಡ.

ಆಮೇಲೆ ಹೆಡ್‌ಫೋನ್ ಹಾಕ್ಕೊಂಡ್ರೆ ವಾಲ್ಯೂಮ್ ಎರಡು ಪಾಯಿಂಟ್ ಕಮ್ಮಿ ಇಟ್ಕೊಳಿ. ಪ್ರತಿ ಏಟಿಗೂ ತಗಡು ಬಡಿದಂಗೆ ಸೌಂಡ್ ಕೊಟ್ಟಿದಾರೆ, ಕಿವಿ ಹೋಗುತ್ತೆ.