ಜೆನೋವಾಕ್ಕೆ ಯಾವ ಬಾಗಿಲಿಂದ ಹೋಗಬೇಕು?

ಪ್ರಶ್ನೆ: ಮೇ ತಿಂಗಳಲ್ಲಿ ಇಟಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 68 ವರ್ಷದ ಅತ್ತೆ. ಮಿಲಾನ್ ಆದ ಮೇಲೆ ಜೆನೋವಾದಲ್ಲಿ ಎರಡು ರಾತ್ರಿ ಇರೋಣ ಅಂತಿದ್ದೇವೆ. ಕ್ರೂಸ್ ಹಡಗಿನಲ್ಲಿ ಹೋಗಿ ಬಂದ ನನ್ನ ತಂಗಿ, ‘ಗಲೀಜು ಊರು, ಗಲ್ಲಿಗಳಿಗೆ ಕಾಲಿಡೋಕೇ ಭಯ’ ಅನ್ನುತ್ತಾಳೆ. ಯಜಮಾನರ ಸ್ನೇಹಿತರಿಗೆ ಇಡೀ ಇಟಲಿಯಲ್ಲಿ ಹಿಡಿಸಿದ್ದೇ ಆ ಊರಂತೆ. ಯಾರ ಮಾತು ನಂಬೋದು?
– ಓದುಗರು, ಮೈಸೂರು

ಉತ್ತರ: ಇಬ್ಬರ ಮಾತೂ ನಿಜ. ಅವರು ಊರೊಳಗೆ ಬೇರೆ ಬೇರೆ ಕಡೆಯಿಂದ ಹೋಗಿದ್ದಾರೆ, ಅಷ್ಟೇ.

ಕ್ರೂಸ್ ಹಡಗುಗಳು ನಿಲ್ಲುವ ಜಾಗ ಪ್ರಿನ್ಚಿಪೆ ರೈಲು ನಿಲ್ದಾಣದ ಹತ್ತಿರವೇ ಇದೆ. ಅಲ್ಲಿಂದ ಹಳೇ ಊರಿಗೆ ನಡೆದರೆ ಮೊದಲು ಸಿಗುವ ಗಲ್ಲಿಗಳಲ್ಲಿ ವಿಯಾ ಪ್ರೆ ಒಂದು. ನಾನೂ ಮೊದಲ ಸಲ ಸಂಜೆ ಹೊತ್ತಲ್ಲಿ ಸೂಟ್‌ಕೇಸ್ ಎಳೆದುಕೊಂಡು ಅಲ್ಲೇ ಹೋದೆ. ಕಲ್ಲುಹಾಸಿನ ಸಂದಿಗೆ ಚಕ್ರ ಸಿಕ್ಕಿಹಾಕಿಕೊಳ್ಳುತ್ತಿತ್ತು, ಮೂಲೆಗಳಲ್ಲಿ ಮೂತ್ರದ ವಾಸನೆ, ಅರ್ಧ ಶಟರ್ ಎಳೆದ ಅಂಗಡಿಗಳು, ಬಾಗಿಲಲ್ಲಿ ನಿಂತು ನೋಡುವ ಗಂಡಸರು. ಯಾರೂ ಏನೂ ಮಾಡಲಿಲ್ಲ. ಆದರೂ ಆ ರಾತ್ರಿ ನನಗೆ ಊರು ಹಿಡಿಸಲಿಲ್ಲ.

ಮಾರನೇ ದಿನ ಗೊತ್ತಾಯಿತು, ಆ ಗಲ್ಲಿಗೆ ಸ್ವಲ್ಪ ಮೇಲೆ, ಅದರ ಪಕ್ಕದಲ್ಲೇ ವಿಯಾ ಬಾಲ್ಬಿ ಅನ್ನುವ ರಸ್ತೆ ಇದೆ. ಅದೇ ನಿಲ್ದಾಣದಿಂದ ಅಷ್ಟೇ ದೂರ. ಎರಡೂ ಕಡೆ ದೊಡ್ಡ ದೊಡ್ಡ ಅರಮನೆಯಂಥ ಮನೆಗಳು, ಅವುಗಳಲ್ಲಿ ವಿಶ್ವವಿದ್ಯಾಲಯ, ಮೆಟ್ಟಿಲ ಮೇಲೆ ಹುಡುಗ ಹುಡುಗಿಯರ ಗುಂಪು. ಹಾಗೇ ಮುಂದೆ ನಡೆದರೆ ವಿಯಾ ಗರಿಬಾಲ್ಡಿ. ಜೆನೋವಾ ಸ್ವತಂತ್ರ ಗಣರಾಜ್ಯವಾಗಿದ್ದ ಕಾಲದಲ್ಲಿ ರಾಜ್ಯಕ್ಕೆ ಬಂದ ಅತಿಥಿಗಳನ್ನು ಉಳಿಸಿಕೊಳ್ಳಲು ಸಾಹುಕಾರರ ಮನೆಗಳ ಪಟ್ಟಿ ಮಾಡುತ್ತಿದ್ದರು. 1576ರಿಂದ ಶುರುವಾದ ಆ ಪಟ್ಟಿಗೆ ‘ರೋಲ್ಲಿ’ ಅಂತ ಹೆಸರು. ಅಂಥ 42 ಮನೆಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ನಿಮ್ಮ ತಂಗಿ ಕಂಡ ಗಲ್ಲಿಯಿಂದ ಇಲ್ಲಿಗೆ ಸ್ವಲ್ಪ ಹೊತ್ತಿನ ನಡಿಗೆ. ಹಡಗು ಹತ್ತುವ ಅವಸರದಲ್ಲಿ ಅದು ತಪ್ಪಿಹೋಗುತ್ತದೆ, ಪಾಪ ಅವರ ತಪ್ಪೇನೂ ಇಲ್ಲ.

ಹಾಗಂತ ಊರು ಥಳಥಳ ಅಂತಿಲ್ಲ. ಇದು ದುಡಿಯುವ ಬಂದರು. ಹಳೇ ಊರಿಗೂ ಸಮುದ್ರಕ್ಕೂ ನಡುವೆ ಒಂದು ಎತ್ತರದ ಫ್ಲೈಓವರ್ ಹಾದುಹೋಗಿದೆ, ಅದನ್ನು ನೋಡಿದರೆ ನನಗೆ ಈಗಲೂ ಬೇಜಾರು. ‘ಕರುಜ್ಜಿ’ ಅನ್ನುವ ಗಲ್ಲಿಗಳಲ್ಲಿ ಕೆಲವಕ್ಕೆ ಮಧ್ಯಾಹ್ನವೂ ಬಿಸಿಲು ಬೀಳುವುದಿಲ್ಲ. ಆದರೆ ಅದೇ ಗಲ್ಲಿಯ ಮೂಲೆಯಲ್ಲಿ ತಲೆ ಎತ್ತಿದರೆ ಗೋಡೆಯ ಗೂಡಿನಲ್ಲಿ ಮೇರಿ ಮಾತೆಯ ಮೂರ್ತಿ, ಅದರ ಮೇಲೆ ಒಣಹಾಕಿದ ಬಟ್ಟೆ. ಸಾನ್ ಲೊರೆಂಝೊ ಕೆಥೆಡ್ರಲ್‌ಗೂ ಹೋಗಿ. 1941ರ ಫೆಬ್ರವರಿ 9ರಂದು ಬ್ರಿಟಿಷ್ ಯುದ್ಧನೌಕೆ ಹಾರಿಸಿದ ಶೆಲ್ ಒಂದು ಒಳಗೆ ಬಿದ್ದೂ ಸಿಡಿಯಲಿಲ್ಲ. ಅದನ್ನು ಅಲ್ಲೇ ಇಟ್ಟಿದ್ದಾರೆ, ನಮ್ಮ ಸೊಂಟದೆತ್ತರ ದಾಟುತ್ತದೆ. ಅದರ ಮುಂದೆ ನಿಂತಾಗ ನನ್ನ ಬಾಯಿಂದ ಮಾತೇ ಬರಲಿಲ್ಲ.

ಹಾಗಾಗಿ ಎರಡು ರಾತ್ರಿ ಖಂಡಿತ ಇರಿ. ರೂಮನ್ನು ಬ್ರಿನ್ಯೋಲೆ ನಿಲ್ದಾಣದ ಕಡೆ ಅಥವಾ ದೆ ಫೆರಾರಿ ಚೌಕದ ಹತ್ತಿರ ಮಾಡಿ. ಕತ್ತಲಾದ ಮೇಲೆ ವಿಯಾ ಪ್ರೆ ಕಡೆ ಸುಮ್ನೆ ಹೋಗಬೇಡಿ, ಬ್ಯಾಗ್ ಎದೆಯ ಮುಂದಿರಲಿ. ಊರೆಲ್ಲ ಏರು ಇಳುಕಲು, ಅತ್ತೆಯವರ ಮಂಡಿಗೆ ಕಷ್ಟ ಆಗುತ್ತದೆ ಅಂತ ಹೆದರಬೇಡಿ. ಪೋರ್ತೆಲ್ಲೊ ಚೌಕದಿಂದ ಕಾಸ್ತೆಲ್ಲೆತ್ತೊ ಅನ್ನುವ ಎತ್ತರದ ಜಾಗಕ್ಕೆ ಸಾರ್ವಜನಿಕ ಲಿಫ್ಟ್ ಇದೆ. ಮೇಲೆ ಹೋಗಿ ಬೆಂಚಿನ ಮೇಲೆ ಕೂತರೆ ಬೂದುಬಣ್ಣದ ಚಾವಣಿಗಳು, ಕ್ರೇನುಗಳು, 77 ಮೀಟರ್ ಎತ್ತರದ ಲಾಂತೆರ್ನಾ ದೀಪಸ್ತಂಭ, ಎಲ್ಲಾ ಕಾಣುತ್ತದೆ. ಸಂಜೆ ಹೋಗಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಬಂದರು ಊರು ಅಂದರೆ ಬರೀ ಮೀನು ಅಲ್ವಾ?
– ಓದುಗರು, ದಾವಣಗೆರೆ

ಉತ್ತರ: ಮೀನು ಜಾಸ್ತಿ, ನಿಜ. ಆದರೆ ನಮ್ಮವರಿಗೆ ಅಲ್ಲಿ ಒಂದು ತಿಂಡಿ ಕಾದಿದೆ, ಫರಿನಾತಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಬೇರೇನೂ ಇಲ್ಲ. ಬಂಡಿ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಹಿಟ್ಟು ಹುಯ್ದು ಸೌದೆ ಒಲೆಗೆ ತಳ್ಳುತ್ತಾರೆ. ಅಂಗಡಿಯವರು ಅಂಚಿನಿಂದ ಕೊಯ್ದು ಕಾಗದದ ಮೇಲೆ ಹಾಕಿ, ಕಾಳುಮೆಣಸಿನ ಪುಡಿ ಉದುರಿಸಿ ಕೊಟ್ಟರು. ಅಂಚು ಗರಿಗರಿ, ನಡುವೆ ಮೆತ್ತಗೆ. ಕಣ್ಣು ಮುಚ್ಚಿ ತಿಂದರೆ ಕಡಲೆಹಿಟ್ಟಿನ ದೋಸೆಯೇ. ಮೀನು ಹಾಕಿದ್ದೂ ಕೆಲವು ಕಡೆ ಇರುತ್ತದೆ, ಸಾದಾ ಅಂತ ಕೇಳಿ ತೆಗೆದುಕೊಳ್ಳಿ.

ಪಾಸ್ತಾಗೆ ಕಲಸುವ ಹಸಿರು ಚಟ್ನಿ ಪೆಸ್ತೊ ಹುಟ್ಟಿದ್ದೂ ಈ ನಾಡಲ್ಲೇ. ಅದರ ಸೊಪ್ಪು ನಮ್ಮ ಕಾಮಕಸ್ತೂರಿಯ ಜಾತಿಯದೇ. ಆದರೆ ಅದಕ್ಕೆ ಹಾಕುವ ಪಾರ್ಮಿಜಾನೊ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ಫೊಕಾಚ್ಚಾ ಬ್ರೆಡ್ ತಿನ್ನುವ ಮುಂಚೆ ‘ಸೆನ್ಸಾ ಸ್ತ್ರುತ್ತೊ?’ ಅಂತ ಕೇಳಿ, ಹಂದಿ ಕೊಬ್ಬು ಇಲ್ಲ ತಾನೇ ಅಂತ ಅರ್ಥ.

ಪ್ರಶ್ನೆ: ಜೆನೋವಾದಲ್ಲೇ ಉಳಿದು ಚಿಂಕ್ವೆ ತೆರ್ರೆ ನೋಡಿ ಬರಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಆರಾಮಾಗಿ. ಚಿಂಕ್ವೆ ತೆರ್ರೆ ಅಂದರೆ ಸಮುದ್ರದಂಚಿನ ಐದು ಹಳ್ಳಿಗಳು. ಅವುಗಳಲ್ಲಿ ಮೊದಲ ಹಳ್ಳಿ ಮೊಂತೆರೊಸ್ಸೊಗೆ ಬ್ರಿನ್ಯೋಲೆಯಿಂದ ಲೋಕಲ್ ರೈಲಲ್ಲಿ ಒಂದೂವರೆ ಗಂಟೆ ಆಸುಪಾಸು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಿ, ಮರೆತರೆ ದಂಡ. ಬೆಳಿಗ್ಗೆ ಬೇಗ ಹೊರಡಿ, ಸಂಜೆ ವಾಪಸ್ ಬಂದು ಫರಿನಾತಾ ಬಿಸಿಬಿಸಿ ತಿನ್ನಿ.