‘ನಂಗೆ ಏನೂ ಬರಲ್ಲ’ ಅನ್ನುವ ಮಗನಿಗೆ ಏನು ಹೇಳಲಿ?

ಪ್ರಶ್ನೆ: ಮೇಡಂ, ನನ್ನ ಮಗ ಆರನೇ ಕ್ಲಾಸು. ಗಣಿತದ ಟೆಸ್ಟಲ್ಲಿ 25ಕ್ಕೆ 9 ಬಂತು. ಅವತ್ತಿನಿಂದ ‘ನಾನು ದಡ್ಡ, ನಂಗೆ ಏನೂ ಬರಲ್ಲ’ ಅಂತಾನೆ. ಅವನ ಗೆಳೆಯನೂ ಈಗ ಬೇರೆ ಹುಡುಗನ ಪಕ್ಕ ಕೂರ್ತಾನಂತೆ, ‘ನಾನು ಯಾರಿಗೂ ಬೇಡ’ ಅಂತ ಅಳ್ತಾನೆ. ‘ನೀನು ಜಾಣ ಪುಟ್ಟ’ ಅಂದರೆ ಸಿಟ್ಟು ಇನ್ನೂ ಜಾಸ್ತಿ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಸಿಟ್ಟು ಬರದೇ ಇರುತ್ತಾ ಅಮ್ಮ? ಕೈಯಲ್ಲಿ 9 ಮಾರ್ಕ್ಸಿನ ಪೇಪರ್ ಹಿಡಿದು ನಿಂತವನಿಗೆ ನೀವು ಜಾಣ ಅಂದರೆ, ಅಮ್ಮನಿಗೆ ನನ್ನ ಕಷ್ಟವೇ ಗೊತ್ತಾಗ್ತಿಲ್ಲ ಅಂತ ಅವನಿಗೆ ಅನ್ನಿಸುತ್ತದೆ. ಆ ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ. 1998ರಲ್ಲಿ ಅಮೆರಿಕದಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನಶ್ಶಾಸ್ತ್ರ ಸಂಶೋಧಕರು ಐದನೇ ಕ್ಲಾಸಿನ ಮಕ್ಕಳಿಗೆ ಪಜಲ್ ಕೊಟ್ಟು ನೋಡಿದರು. ‘ಬುದ್ಧಿವಂತ’ ಅಂತ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಪಜಲ್‌ನಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು, ‘ಚೆನ್ನಾಗಿ ಶ್ರಮ ಹಾಕಿದೆ’ ಅನ್ನಿಸಿಕೊಂಡವರು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಹೇಳುವುದೂ ನಿಮ್ಮ ಮಗನಂಥ ಮಕ್ಕಳ ಬಗ್ಗೆಯೇ. ಒಂದು ಸೋಲು ಬಂದರೆ ಇದು ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ, ತಪ್ಪೆಲ್ಲ ನನ್ನದೇ ಅಂದುಕೊಳ್ಳುವವರು ಬೇಗ ಕುಗ್ಗುತ್ತಾರೆ. ಹಾಗಾಗಿ ಸಮಾಧಾನ ಹೇಳುವುದಕ್ಕಿಂತ, ಗುಡ್ಡದ ಹಾಗೆ ಕಾಣುತ್ತಿರುವ ಆ ಕಷ್ಟ ನಿಜವಾಗಿ ಎಷ್ಟಿದೆ ಅಂತ ಅವನ ಜೊತೆ ಕೂತು ನೋಡಿ.

ಮೊದಲು ‘ಬೇಜಾರಾಯ್ತಲ್ವಾ’ ಅಂತ ಕೇಳಿ ಸುಮ್ನಿರಿ, ಅಳಲಿ. ಊಟ ಆದ ಮೇಲೆ ಟೆಸ್ಟ್ ಪೇಪರ್ ಬಿಡಿಸಿ. ಬೈಯುವುದಕ್ಕಲ್ಲ, ಮಾರ್ಕ್ಸ್ ಎಲ್ಲೆಲ್ಲಿ ಹೋಗಿದೆ ಅಂತ ಹುಡುಕುವುದಕ್ಕೆ. ಈ ವಯಸ್ಸಿನ ತುಂಬಾ ಮಕ್ಕಳು ಭಿನ್ನರಾಶಿಯಲ್ಲಿ ಎಡವುತ್ತಾರೆ: 1/2 ಮತ್ತು 1/3 ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಅಂತ ಬರೆದುಬಿಡುತ್ತಾರೆ. ಅರ್ಧ ಚಪಾತಿ ತಿಂದವನು ಇನ್ನೂ ಒಂದು ಚೂರು ತಿಂದ ಮೇಲೆ ಒಟ್ಟು ತಿಂದದ್ದು ಅರ್ಧಕ್ಕಿಂತ ಕಡಿಮೆ ಆಗುತ್ತಾ ಅಂತ ಕೇಳಿ ನೋಡಿ, ಅವನೇ ತಪ್ಪು ಹಿಡಿಯುತ್ತಾನೆ. ನಿಮ್ಮ ಮಗನ ಪೇಪರಲ್ಲಿ ಬೇರೆ ತಪ್ಪು ಇರಬಹುದು, ಆದರೆ ಒಂದೇ ತಪ್ಪು ಮೂರ್ನಾಲ್ಕು ಲೆಕ್ಕ ಕೆಡಿಸಿರುವುದು ಕಂಡರೆ ‘ಏನೂ ಬರಲ್ಲ’ ಹೋಗಿ ‘ಇದೊಂದು ಬರಲ್ಲ’ ಆಗುತ್ತದೆ. ಇದೊಂದನ್ನ ಕಲಿಯಬಹುದು ಅಲ್ವಾ?

ಗೆಳೆಯನ ವಿಷಯ ಇಷ್ಟು ಸುಲಭ ಅಲ್ಲ, ಅದು ನಿಜವಾದ ನೋವು. ‘ಅವನು ಹೋದರೆ ಹೋಗಲಿ ಬಿಡು’ ಅನ್ನಬೇಡಿ. ಅವನು ಯಾಕೆ ಜಾಗ ಬದಲಿಸಿರಬಹುದು ಅಂತ ಕೇಳಿ, ಮಗನೇ ಎರಡು ಮೂರು ಕಾರಣ ಹೇಳಲಿ. ಟೀಚರ್ ಕೂರಿಸಿದ್ದಾ, ಜಗಳವಾ, ಕ್ರಿಕೆಟ್ ಟೀಮಾ? ಆಮೇಲೆ ನಾಳೆ ಅವನ ಹತ್ತಿರ ಏನು ಮಾತಾಡ್ತೀಯ ಅಂತ ಕೇಳಿ. ನೀವೇ ಆ ಹುಡುಗನ ಅಮ್ಮನಿಗೆ ಫೋನ್ ಮಾಡಲು ಹೋಗಬೇಡಿ.

ಎರಡು ವಾರ ಕಳೆದರೂ ಊಟ ನಿದ್ದೆ ಸರಿ ಇಲ್ಲ, ಸ್ಕೂಲಿಗೇ ಹೋಗಲ್ಲ ಅಂತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ‘ನಾನು ಇರಲೇಬಾರದು’ ಅನ್ನುವಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.