ಬೆಳಗಿನವರೆಗೆ ಕಾಯಬಹುದೇ?

ಸಾಕುಪ್ರಾಣಿಗಳ ಕುರಿತ ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಗಂಡು ಬೆಕ್ಕು ನಿನ್ನೆ ಸಂಜೆಯಿಂದ ಮೇಲಿಂದ ಮೇಲೆ ಮರಳಿನ ತಟ್ಟೆಗೆ ಹೋಗಿ ಕುಳಿತು ತಿಣುಕುತ್ತದೆ, ಒರಲುತ್ತದೆ, ಆದರೆ ಏನೂ ಬರುವುದಿಲ್ಲ. ಮಲ ಕಟ್ಟಿದೆ, ಔಡಲೆಣ್ಣೆ ಕುಡಿಸಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇಂದು ಭಾನುವಾರ, ನಾಳೆ ತೋರಿಸಿದರೆ ಸಾಕೇ?
— ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಸಾಲದು. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಪ್ರಶ್ನೆ ಇದಲ್ಲವಾದ್ದರಿಂದ ನಿಮ್ಮ ಸಂದೇಶ ಕಂಡ ಕೂಡಲೇ ಫೋನಿನಲ್ಲಿ ತಿಳಿಸಿದ್ದೇನೆ. ಗಂಡು ಬೆಕ್ಕು ಸಾಕಿರುವ ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೀಗೆ ತಿಣುಕುವ ಗಂಡು ಬೆಕ್ಕಿಗೆ ಕಟ್ಟಿರುವುದು ಬಹುಪಾಲು ಮಲವಲ್ಲ, ಮೂತ್ರ. ಅದರ ಮೂತ್ರನಾಳ ಬಹಳ ಕಿರಿದಾಗಿರುವುದರಿಂದ ಹರಳಿನ ಪುಡಿ ಮತ್ತು ಲೋಳೆ ಸೇರಿ ಆದ ಚಿಕ್ಕ ಬಿರಡೆಯೇ ಅದನ್ನು ಪೂರ್ತಿ ಮುಚ್ಚಿಬಿಡಬಲ್ಲದು. ಆಗ ಮೂತ್ರಪಿಂಡಗಳ ಕೆಲಸ ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. 24ರಿಂದ 48 ಗಂಟೆಗಳೊಳಗೆ ಬೆಕ್ಕು ಸಾಯಬಹುದು. ತಟ್ಟೆಯ ಮರಳು ಒಣಗಿಯೇ ಇದೆಯೇ ನೋಡಿ. ಹೊಟ್ಟೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಂಥ ಗಟ್ಟಿ ಉಂಡೆ ಕೈಗೆ ಸಿಕ್ಕರೆ ಅದು ತುಂಬಿ ಬಿಗಿದ ಮೂತ್ರಕೋಶ, ಅದನ್ನು ಒತ್ತಬೇಡಿ. ವಾಂತಿ ಶುರುವಾಗಿ, ಮೈ ತಣ್ಣಗಾಗಿ, ಬೆಕ್ಕು ಒರಲುವುದನ್ನೂ ಬಿಟ್ಟು ಮೂಲೆ ಸೇರಿದರೆ ‘ಸದ್ಯ, ನೋವು ಕಡಿಮೆಯಾಯಿತು’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ನಿಜಕ್ಕೂ ಉಳಿದಿರುವುದು ಕೆಲವೇ ಗಂಟೆ. ಔಡಲೆಣ್ಣೆಯಿಂದ ಹೊತ್ತು ಹಾಳು, ಬಾರ್ಲಿ ನೀರಿನಿಂದ ಮೂತ್ರಕೋಶ ಇನ್ನಷ್ಟು ಬಿಗಿಯುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕೊಡಲೇಬಾರದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲದಿರುವುದರಿಂದ 500 ಮಿಲಿಗ್ರಾಂ ಮಾತ್ರೆಯ ಅರ್ಧವೂ ಪ್ರಾಣ ತೆಗೆಯಬಹುದು.

ಪ್ರಶ್ನೆ: ನಮ್ಮ ಒಣದ್ರಾಕ್ಷಿ ಶೆಡ್ಡಿನ ಕಾವಲು ನಾಯಿ ಕೆಳಗೆ ಬಿದ್ದ ಕಾಳುಗಳನ್ನು ವರ್ಷಗಳಿಂದ ತಿನ್ನುತ್ತ ಬಂದಿದೆ, ಏನೂ ಆಗಿಲ್ಲ. ಈಗ ಅದು ನಾಯಿಗೆ ವಿಷವೆಂದು ಕೇಳಿದೆವು. ನಿಜವೇ? ಹೆಚ್ಚು ತಿಂದಿದ್ದು ಕಂಡರೆ ಏನು ಮಾಡಬೇಕು?
— ಓದುಗರು, ಟಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ನಿಜ. ದ್ರಾಕ್ಷಿಯೂ ಒಣದ್ರಾಕ್ಷಿಯೂ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚಿನ ವರ್ಷಗಳಲ್ಲಿ ಪಶುವೈದ್ಯರು ಶಂಕಿಸಿದ್ದಾರೆ. ತೊಂದರೆಯೆಂದರೆ ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕ ಸಿಗುವುದಿಲ್ಲ. ಒಂದು ನಾಯಿ ಬೊಗಸೆ ತುಂಬ ತಿಂದು ಆರಾಮಾಗಿದ್ದರೆ, ಇನ್ನೊಂದು ಹಿಡಿಯಷ್ಟಕ್ಕೇ ಮಲಗಿಬಿಡುತ್ತದೆ. ನಿಮ್ಮ ನಾಯಿ ಇಷ್ಟು ವರ್ಷ ಪಾರಾಗಿದೆ ಎಂಬುದು ಮುಂದಿನ ಸುಗ್ಗಿಗೆ ಭರವಸೆಯಲ್ಲ. ಸಾಮಾನ್ಯವಾಗಿ ಮೊದಲ ದಿನದೊಳಗೆ ವಾಂತಿಯಾಗುತ್ತದೆ, ಮೂತ್ರಪಿಂಡ ಸೋಲುವುದು ಒಂದರಿಂದ ಮೂರು ದಿನಗಳಲ್ಲಿ. ಆದ್ದರಿಂದ ‘ರೊಟ್ಟಿ ತಿಂದಿತು, ಬಾಲ ಅಲ್ಲಾಡಿಸಿತು’ ಎಂಬುದನ್ನು ನಂಬಿ ಕೂರಬೇಡಿ. ತಿಂದ ಎರಡು ಗಂಟೆಯೊಳಗೆ ವೈದ್ಯರ ಬಳಿ ಒಯ್ದರೆ ಇಂಜೆಕ್ಷನ್ ಕೊಟ್ಟು ಹೊಟ್ಟೆಯಲ್ಲಿರುವುದನ್ನು ಕಕ್ಕಿಸಬಹುದು; ಹೊತ್ತು ಮೀರಿದ್ದರೂ ಸಲೈನ್ ಹಚ್ಚಿ ರಕ್ತಪರೀಕ್ಷೆ ಮಾಡುತ್ತ ಮೂತ್ರಪಿಂಡವನ್ನು ಕಾಪಾಡುವ ಅವಕಾಶವಿರುತ್ತದೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ಕಕ್ಕಿಸುವುದು ಬೇಡ, ಆ ಉಪ್ಪೇ ಇನ್ನೊಂದು ವಿಷವಾಗಬಹುದು. ಸಂಚಾರಿ ಪಶುಚಿಕಿತ್ಸಾ ವಾಹನದ 1962 ಸಹಾಯವಾಣಿ ಮುಖ್ಯವಾಗಿ ದನಕರುಗಳಿಗಾಗಿ ಇರುವುದರಿಂದ, ಅದನ್ನೇ ನೆಚ್ಚದೆ ನಾಯಿಯನ್ನು ನೀವೇ ವಿಜಯಪುರಕ್ಕೆ ಒಯ್ಯಿರಿ.

ಪ್ರಶ್ನೆ: ನಮ್ಮ ಮುಧೋಳ ನಾಯಿಯ ಕಿವಿ ಬಳ್ಳಾರಿ ಜಾಲಿಯ ಬೇಲಿಗೆ ಸಿಕ್ಕು ಹರಿಯಿತು. ತಲೆ ಒದರಿದಾಗಲೆಲ್ಲ ಗೋಡೆತುಂಬ ರಕ್ತ. ಮಧ್ಯರಾತ್ರಿ ಬಾಡಿಗೆ ಕಾರು ಮಾಡಿ ಬಾಗಲಕೋಟೆಗೆ ಒಯ್ದರೆ, ಬೆಳಿಗ್ಗೆ ಬಂದಿದ್ದರೂ ನಡೆಯುತ್ತಿತ್ತು ಎಂದು ವೈದ್ಯರು ಗೊಣಗಿದರು. ನಾವು ಮಾಡಿದ್ದು ತಪ್ಪೇ?
— ಓದುಗರು, ಲೋಕಾಪುರ

ಉತ್ತರ: ತಪ್ಪೇನಲ್ಲ, ಗೊಣಗುವ ಅಗತ್ಯವೂ ಇರಲಿಲ್ಲ. ಆದರೆ ಕಿವಿಯ ಅಂಚಿನ ಗಾಯ ಕಾಣುವಷ್ಟು ಭೀಕರವಲ್ಲ. ಶುಭ್ರವಾದ ಬಟ್ಟೆಯನ್ನು ಹತ್ತು ನಿಮಿಷ ನಡುನಡುವೆ ತೆಗೆದು ನೋಡದೆ ಒತ್ತಿ ಹಿಡಿದು, ಕಿವಿಯನ್ನು ತಲೆಯ ಮೇಲಕ್ಕೆ ಮಡಚಿ, ಕುತ್ತಿಗೆ ಬಿಗಿಯದಂತೆ ಪಟ್ಟಿ ಸುತ್ತಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ಬಳಿಕ ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ: ಬಿಳುಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಿದರೆ ಬೆಳಗಿನವರೆಗೆ ಕಾಯಬಹುದು. ಒಸಡೇ ಬಿಳುಚಿದ್ದರೆ, ನೀಲಿಯಾಗಿದ್ದರೆ, ನಾಯಿ ಎದ್ದು ನಿಲ್ಲಲಾರದಿದ್ದರೆ ಹೊರಡಬೇಕು.

ನಿಮ್ಮ ನಾಯಿಯ ಮಟ್ಟಿಗೆ ನನಗಿರುವ ಭಯ ಬೇರೆ. ಮುಧೋಳದಂಥ ಆಳವಾದ ಎದೆಗೂಡಿನ ನಾಯಿಗಳಿಗೆ ಜಠರ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ನಾಯಿ ಕೂತಲ್ಲಿ ಕೂರದೆ ಚಡಪಡಿಸುತ್ತದೆ, ಮತ್ತೆ ಮತ್ತೆ ಓಕರಿಸಿದರೂ ನೊರೆ ಬಿಟ್ಟು ಏನೂ ಬರುವುದಿಲ್ಲ, ಪಕ್ಕೆಲುಬಿನ ಹಿಂದೆ ಹೊಟ್ಟೆ ಉಬ್ಬಿ ಬಿಗಿಯುತ್ತದೆ. ಒಂದು ಹನಿ ರಕ್ತವೂ ಕಾಣದ ಈ ಸ್ಥಿತಿಗೆ ಸೋಡಾ, ಜೀರಿಗೆ ನೀರು ಕುಡಿಸಿ ಬೆಳಗು ಮಾಡುವವರೇ ಹೆಚ್ಚು. ತಿರುಚಿದ ಜಠರವನ್ನು ಶಸ್ತ್ರಕ್ರಿಯೆಯಿಂದಲೇ ಸರಿಪಡಿಸಬೇಕು. ಹೀಗಾಗಿ ಹೊರಡುವಾಗಲೇ ಒಬ್ಬರು ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿ ಶಸ್ತ್ರಕ್ರಿಯೆ ಮಾಡುವ ವೈದ್ಯರು ಅಲ್ಲಿದ್ದಾರೆಯೇ ಎಂದು ಕೇಳಿಕೊಳ್ಳಲಿ. ಇಲ್ಲವೆಂದರೆ ಕಾರು ಬೇರೆ ಊರಿನ ದಾರಿ ಹಿಡಿಯಬೇಕಾಗುತ್ತದೆ.